ಗಾಳಿಯ ಗಡಿಯಾರ: ಹಾಯಿಹಡಗಿನಲ್ಲಿ ಮಂಗಳೂರಿನಿಂದ ಕಾರವಾರಕ್ಕೆ

ಮಂಗಳೂರಿನ ಹಳೆಯ ಬಂದರಿನಿಂದ ಕಾರವಾರದ ಕೊಲ್ಲಿಗೆ ಕಡಲಿನ ಮೇಲೆ ನೇರವಾಗಿ ಅಳೆದರೆ ದೂರ ಸುಮಾರು 230 ಕಿಲೋಮೀಟರು. ಎಂಜಿನ್ನು ಬರುವುದಕ್ಕೆ ಮೊದಲು ಹಂಚು, ಅಕ್ಕಿ, ಉಪ್ಪು, ಮೆಣಸುಗಳನ್ನು ಹೇರಿಕೊಂಡು ಈ ದಾರಿಯಲ್ಲಿ ಓಡಾಡುತ್ತಿದ್ದ ಪತ್ತೆಮಾರಿ, ಮಂಜಿ, ಮಚವೆಗಳು ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿಗಳಲ್ಲಿ ತಂಗುತ್ತ ತಂಗುತ್ತ ಸಾಗುತ್ತಿದ್ದುವು. ಈ ತಂಗುವಿಕೆಗೆ ವ್ಯಾಪಾರವೊಂದೇ ಕಾರಣವಲ್ಲ. ಹಡಗು ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ಹೊರಡಬೇಕು ಎಂಬುದನ್ನು ನಿರ್ಧರಿಸುತ್ತಿದ್ದುದು ಗಾಳಿ ಮತ್ತು ನೀರು. ಅವುಗಳ ನಿಯಮವನ್ನು ತಿಳಿದ ತಂಡೇಲನು ದಡ ಸೇರುತ್ತಿದ್ದನು. ತಿಳಿಯದವನು ಅಳಿವೆಯ ಬಾಯಲ್ಲಿ ಹಡಗನ್ನು ಕಳೆದುಕೊಳ್ಳುತ್ತಿದ್ದನು. ಓದುಗರೊಡನೆ ನಾವು ಈಗ ಈ ದಾರಿಯಲ್ಲಿ ಒಂದು ಕಲ್ಪನೆಯ ಯಾನವನ್ನು ಕೈಕೊಳ್ಳೋಣ.

ಹೊರಡುವ ಕಾಲ

ಜೂನ್ ತಿಂಗಳಿಂದ ನೈರುತ್ಯ ಮಾರುತದ ಕಾಲದಲ್ಲಿ ಕರಾವಳಿಯಲ್ಲಿ ಹಾಯಿ ಬಿಚ್ಚುವಂತಿಲ್ಲ. ಶ್ರಾವಣದ ನೂಲಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಅರ್ಪಿಸಿ, ಅನಂತರವೇ ದೋಣಿಗಳನ್ನು ನೀರಿಗಿಳಿಸುವುದು ಹಿಂದಿನಿಂದ ಬಂದ ಸಂಪ್ರದಾಯ. ಋತುವಿನ ಗಾಳಿಯನ್ನು ಕಡೆಗಣಿಸಿದರೆ ಏನಾಗುವುದೆಂಬುದಕ್ಕೆ ಪ್ರಸಿದ್ಧ ನಿದರ್ಶನವೊಂದು ನಮ್ಮ ಕರಾವಳಿಯ ಬಳಿಯೇ ಇದೆ. ವಾಸ್ಕೋ ಡ ಗಾಮನು 1498ರ ಏಪ್ರಿಲ್ 24ರಂದು ಆಫ್ರಿಕದ ಮಾಲಿಂದಿಯನ್ನು ಬಿಟ್ಟು, ಬೆನ್ನುಗಾಳಿಯ ಸಹಾಯದಿಂದ ಮೇ 20ರ ಹೊತ್ತಿಗೆ ಕಲ್ಲಿಕೋಟೆಯ ಸಮೀಪ ತಲಪಿದನು. ನಾಲ್ಕು ವಾರಗಳೂ ಹಿಡಿಯಲಿಲ್ಲ. ಹಿಂದಿರುಗುವಾಗ ಕಾರವಾರಕ್ಕೆ ದಕ್ಷಿಣದಲ್ಲಿರುವ ಅಂಜದೀವ ದ್ವೀಪದಿಂದ ಅಕ್ಟೋಬರ್ 5ರಂದೇ ಹೊರಟನು. ಈಶಾನ್ಯದ ಗಾಳಿ ಆಗಿನ್ನೂ ನೆಲೆಗೊಂಡಿರಲಿಲ್ಲ. ನಿಶ್ಚಲವಾದ ಕಡಲಿನಲ್ಲಿಯೂ ಎದುರುಗಾಳಿಯಲ್ಲಿಯೂ ಸಿಲುಕಿ ಅವನು ಮಾಲಿಂದಿಯನ್ನು ಸೇರಿದ್ದು 1499ರ ಜನವರಿ 7ರಂದು. ಮೂರು ತಿಂಗಳ ಈ ಅವಧಿಯಲ್ಲಿ ತಾಜಾ ಹಣ್ಣು ಕಾಯಿಪಲ್ಯಗಳಿಲ್ಲದೆ ಸ್ಕರ್ವಿ ರೋಗಕ್ಕೆ ಸುಮಾರು ಮೂವತ್ತು ಮಂದಿ ನಾವಿಕರು ಬಲಿಯಾದರು.

ನಾವು ಅಂಥ ಆತುರ ಮಾಡದೆ, ಕಡಲು ಶಾಂತವಾಗಿರುವ ಜನವರಿ ತಿಂಗಳನ್ನೇ ಆರಿಸಿಕೊಳ್ಳೋಣ.

ಎರಡು ಗಾಳಿಗಳು

ಹಗಲಿನಲ್ಲಿ ಸೂರ್ಯನ ಶಾಖವು ನೆಲದ ಮೇಲೂ ಕಡಲಿನ ಮೇಲೂ ಒಂದೇ ಸಮನಾಗಿ ಬೀಳುತ್ತದೆ. ಆದರೆ ಒಂದು ಗ್ರಾಂ ನೀರನ್ನು ಒಂದು ಡಿಗ್ರಿಯಷ್ಟು ಬಿಸಿಮಾಡಲು ಬೇಕಾಗುವ ಶಾಖವು ಒಂದು ಗ್ರಾಂ ಒಣ ಮರಳಿಗೆ ಬೇಕಾಗುವುದರ ಸುಮಾರು ಐದರಷ್ಟು. ಅದೂ ಅಲ್ಲದೆ ಅಲೆಗಳ ಕಲಕುವಿಕೆಯಿಂದ ಕಡಲಿನ ಶಾಖ ಆಳಕ್ಕೆ ಹರಡಿಹೋಗುತ್ತದೆ. ನೆಲದಲ್ಲಿ ಅದು ಮೇಲ್ಪದರದಲ್ಲಿಯೇ ಉಳಿಯುತ್ತದೆ. ಆದುದರಿಂದ ನೆಲ ಬೇಗ ಕಾಯುತ್ತದೆ. ಅದರ ಮೇಲಣ ಗಾಳಿ ಹಗುರಾಗಿ ಏರುತ್ತದೆ. ಆ ಜಾಗಕ್ಕೆ ಕಡಲಿನಿಂದ ತಂಪಾದ ಗಾಳಿ ನುಗ್ಗುತ್ತದೆ. ಇದೇ ಕಡಲಗಾಳಿ. ರಾತ್ರಿಯಲ್ಲಿ ನೆಲ ಬೇಗ ತಣಿಯುವುದರಿಂದ ಈ ಚಕ್ರ ಹಿಂದುಮುಂದಾಗಿ ನೆಲಗಾಳಿ ಬೀಸುತ್ತದೆ. ಇದನ್ನು ಓದುಗರು ತರಗತಿಯಲ್ಲಿ ಕಲಿತಿರಬಹುದು. ಆದರೆ ಪ್ರಯಾಣಿಕನಿಗೆ ಇದರ ಫಲವೇನು ಎಂಬುದನ್ನು ಗಮನಿಸಬೇಕು.

ನಮ್ಮ ಕರಾವಳಿ ಸ್ವಲ್ಪ ಪಶ್ಚಿಮಕ್ಕೆ ವಾಲಿಕೊಂಡು ದಕ್ಷಿಣೋತ್ತರವಾಗಿ ಹಬ್ಬಿದೆ. ನೆಲಗಾಳಿ ಪೂರ್ವದ ಕಡೆಯಿಂದ ಬಂದು ಅದಕ್ಕೆ ಅಡ್ಡಲಾಗಿ ಬೀಸುತ್ತದೆ. ಕಡಲಗಾಳಿಯೂ ಆರಂಭದಲ್ಲಿ ಪಶ್ಚಿಮದಿಂದ ಅಡ್ಡಲಾಗಿಯೇ ಬರುತ್ತದೆ. ಉತ್ತರಕ್ಕೆ ಹೋಗುವ ಹಡಗಿಗೆ ಎರಡೂ ಅಡ್ಡಗಾಳಿಗಳೇ. ಅಡ್ಡಗಾಳಿಯು ಹಡಗನ್ನು ಮುಂದಕ್ಕೆ ಒಯ್ಯುವುದು ಹೇಗೆ?

ಹಾಯಿಯ ಗುಟ್ಟು

ಬೆಂಗಳೂರಿನವರು ಇದನ್ನು ತಿಳಿಯಲು ಸಮುದ್ರತೀರಕ್ಕೆ ಹೋಗಬೇಕಾಗಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯಲ್ಲಿ ಮಗುವೊಂದು ಕಾಗದದ ಗಿರಿಗಿಟ್ಟಲೆ ಹಿಡಿದು ಓಡುವುದನ್ನು ನೋಡಿದರೆ ಸಾಕು. ಗಾಳಿ ಮುಂದಿನಿಂದ ಬರುತ್ತದೆ. ಆದರೆ ಓರೆಯಾದ ರೆಕ್ಕೆಗಳು ಅದಕ್ಕೆ ಅಡ್ಡಲಾಗಿ ಸುತ್ತುತ್ತವೆ. ಓರೆಯಾದ ಹಾಳೆಯು ಗಾಳಿಯನ್ನು ಒಂದು ಕಡೆಗೆ ತಿರುಗಿಸಿದರೆ, ನ್ಯೂಟನ್ನನ ಮೂರನೆಯ ನಿಯಮದಂತೆ ಗಾಳಿಯು ಆ ಹಾಳೆಯನ್ನು ಎದುರು ಕಡೆಗೆ ತಳ್ಳುತ್ತದೆ. ಹಾಯಿ ಮಾಡುವುದೂ ಇದನ್ನೇ.

ಹಾಯಿಗೆ ದೊರೆತ ಈ ತಳ್ಳಿನಲ್ಲಿ ಒಂದು ಪಾಲು ಹಡಗನ್ನು ಪಕ್ಕಕ್ಕೂ ಇನ್ನೊಂದು ಪಾಲು ಮುಂದಕ್ಕೂ ದೂಡುತ್ತದೆ. ಹಡಗಿನ ತಳದುದ್ದಕ್ಕೂ ಇರುವ ಅಡಿಮರವು ನೀರಿನಲ್ಲಿ ಗೋಡೆಯಂತೆ ನಿಂತು ಪಕ್ಕದ ಚಲನೆಯನ್ನು ತಡೆಯುತ್ತದೆ. ನೀರು ಗಾಳಿಗಿಂತ ಸುಮಾರು ಎಂಟುನೂರು ಪಟ್ಟು ಸಾಂದ್ರವಾಗಿರುವುದರಿಂದ ದೊಡ್ಡ ಹಾಯಿಗೆ ಚಿಕ್ಕ ಅಡಿಮರವೇ ಸಾಟಿಯಾಗಬಲ್ಲದು. ಒದ್ದೆಯಾದ ಹುಣಸೆಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿದರೆ ಅದು ಮುಂದಕ್ಕೆ ಚಿಮ್ಮುವಂತೆ, ಗಾಳಿ ನೀರುಗಳ ಒತ್ತಡದ ನಡುವೆ ಹಡಗು ಮುಂದಕ್ಕೆ ಜಾರುತ್ತದೆ.

ಇದಕ್ಕೂ ಒಂದು ಮಿತಿಯುಂಟು. ಗಾಳಿ ಬರುವ ದಿಕ್ಕಿಗೆ ನೇರವಾಗಿ ಯಾವ ಹಾಯಿಹಡಗೂ ಹೋಗಲಾರದು. ಸರಕು ತುಂಬಿದ ಹಡಗು ಗಾಳಿಯ ದಿಕ್ಕಿಗೆ 60 ಡಿಗ್ರಿ ಕೋನದಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಸಾಗುತ್ತದೆಂದು ಭಾವಿಸೋಣ. 60 ಡಿಗ್ರಿಯ ಕೊಸೈನು ಅರ್ಧ. ಎಂದರೆ 10 ಕಿಲೋಮೀಟರು ಮುಂದೆ ಹೋಗಲು 20 ಕಿಲೋಮೀಟರು ಓಡಬೇಕು.

ರಾತ್ರಿಯ ಓಟ, ಮಧ್ಯಾಹ್ನದ ತಂಗು

ಈಗ ನಮ್ಮ ಹಡಗು ಹೊರಡಲಿ. ರಾತ್ರಿ ಹತ್ತು ಹನ್ನೊಂದರ ಮೇಲೆ ನೆಲಗಾಳಿ ಏಳುತ್ತದೆ. ಗಂಟೆಗೆ 7 ಕಿಲೋಮೀಟರಿನಂತೆ ಎಂಟು ಗಂಟೆ ಓಡಿದರೆ ಸುಮಾರು 55 ಕಿಲೋಮೀಟರು. ಬೆಳಗಾಗುವ ಹೊತ್ತಿಗೆ ಮಲ್ಪೆ ಸಿಕ್ಕುತ್ತದೆ. ಬಿಸಿಲೇರಿದಂತೆ ನೆಲಗಾಳಿ ಅಡಗಿ, ಸ್ವಲ್ಪ ಹೊತ್ತು ಹಾಯಿ ಜೋತುಬೀಳುತ್ತದೆ. ಹತ್ತು ಹನ್ನೊಂದು ಗಂಟೆಗೆ ಕಡಲಗಾಳಿ ಬರುತ್ತದೆ. ಆದರೆ ಭೂಮಿಯ ಭ್ರಮಣದ ಪ್ರಭಾವದಿಂದಲೂ ಆ ಋತುವಿನ ಉತ್ತರದ ಗಾಳಿ ಬೆರೆಯುವುದರಿಂದಲೂ ಅದು ಮಧ್ಯಾಹ್ನ ಕಳೆದಂತೆ ಬಲಕ್ಕೆ ಹೊರಳಿ ವಾಯವ್ಯದಿಂದ ಬೀಸತೊಡಗುತ್ತದೆ. ಉತ್ತರಾಭಿಮುಖಿಗೆ ಅದು ಬಹುಮಟ್ಟಿಗೆ ಎದುರುಗಾಳಿ. ಆಗ ಹೆಣಗುವುದಕ್ಕಿಂತ ಲಂಗರು ಹಾಕಿ ಅಡುಗೆ ಮಾಡಿಕೊಂಡು ರಾತ್ರಿಯನ್ನು ಕಾಯುವುದೇ ಜಾಣತನ. ದಕ್ಷಿಣಕ್ಕೆ ಹೋಗುವವನಿಗೆ ಅದೇ ಗಾಳಿ ಅನುಕೂಲ. 1342ರ ಸುಮಾರಿಗೆ ಇಬ್ನ್ ಬತೂತನು ಹೊನ್ನಾವರದಿಂದ ಬಸರೂರು, ಬಾರಕೂರು, ಮಂಗಳೂರುಗಳಲ್ಲಿ ತಂಗುತ್ತ ಕಲ್ಲಿಕೋಟೆಗೆ ಹೋದುದು ಈ ದಿಕ್ಕಿನಲ್ಲಿಯೇ.

ಮಲ್ಪೆಯ ಎದುರಿಗೆ ಸೇಂಟ್ ಮೇರಿ ದ್ವೀಪಗಳಿವೆ. ಅಲ್ಲಿಯ ಕಂಬಕಂಬವಾದ ಶಿಲೆ ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರು ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಲಾವಾ ತಣಿದು ಕುಗ್ಗಿ ಬಿರುಕುಬಿಟ್ಟುದರಿಂದ ಆದುದು.

ಅಳಿವೆಯ ಬಾಗಿಲು

ಮುಂದಿನ ತಂಗುದಾಣವಾದ ಗಂಗೊಳ್ಳಿಯೂ, ಶರಾವತಿಯ ಬಾಯಲ್ಲಿರುವ ಹೊನ್ನಾವರವೂ, ಅಘನಾಶಿನಿಯ ಬಾಯಲ್ಲಿರುವ ತದಡಿಯೂ ನದಿಯ ಬಂದರುಗಳು. ಒಳಗೆ ನೀರು ಶಾಂತ. ಆದರೆ ಅಳಿವೆಯಲ್ಲಿ ನದಿ ತಂದ ಮರಳೂ ಅಲೆ ಎತ್ತಿದ ಮರಳೂ ಸೇರಿ ದಿಬ್ಬವಾಗಿರುತ್ತದೆ. ಯಾನದ ನಿಜವಾದ ಅಪಾಯ ಇರುವುದು ನಡುಗಡಲಿನಲ್ಲಲ್ಲ, ಇಲ್ಲಿ.

ನೀರಿನ ಆಳವು ಅಲೆಯ ಎತ್ತರದ ಸುಮಾರು 1.3ರಷ್ಟಕ್ಕೆ ಇಳಿದಾಗ ಅಲೆ ಮುರಿದು ಬೀಳುತ್ತದೆ. ಒಂದೂವರೆ ಮೀಟರಿನ ಅಲೆಯು ಎರಡು ಮೀಟರು ಆಳದಲ್ಲಿ ಮುರಿಯುತ್ತದೆ. ಉಬ್ಬರದಲ್ಲಿ ನೀರು ಇನ್ನೂ ಒಂದು ಒಂದೂವರೆ ಮೀಟರು ಏರಿದರೆ ಅದೇ ಅಲೆ ಮುರಿಯದೆ ದಿಬ್ಬದ ಮೇಲೆ ಹಾದುಹೋಗುತ್ತದೆ, ಹಡಗೂ ಹಾದುಹೋಗುತ್ತದೆ. ಇಳಿತದಲ್ಲಾದರೋ ಹೊರಹರಿಯುವ ನೀರು ಒಳಬರುವ ಅಲೆಗೆ ಎದುರಾಗಿ ಅದನ್ನು ಇನ್ನಷ್ಟು ಕಡಿದಾಗಿಸುತ್ತದೆ. ಆಗ ನುಗ್ಗಿದ ದೋಣಿ ಮಗುಚುವುದು ಸುಲಭ.

ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆಯ ಉಬ್ಬರದ ಸಮಯ ಗೊತ್ತಿದ್ದರೆ, ನಾಲ್ಕು ದಿನಗಳ ಅನಂತರ ಅದು 3 ಗಂಟೆ 20 ನಿಮಿಷ ತಡವೆಂದು ಲೆಕ್ಕಹಾಕಬಹುದು. ಹೀಗೆ ಪಂಚಾಂಗದ ತಿಥಿಯಿಂದಲೇ ಉಬ್ಬರವನ್ನು ಎಣಿಸಬಹುದು. ಆದರೆ ಗಾಳಿಯು ಸೂರ್ಯನನ್ನು ಅನುಸರಿಸಿದರೆ ನೀರು ಹೆಚ್ಚಾಗಿ ಚಂದ್ರನನ್ನು ಅನುಸರಿಸುತ್ತದೆ. ನೆಲಗಾಳಿ ಬೆಳಿಗ್ಗೆ ಹಡಗನ್ನು ಅಳಿವೆಗೆ ತಂದು ಬಿಟ್ಟಾಗ ಇಳಿತವಿದ್ದರೆ, ಊರು ಕಣ್ಣೆದುರಿಗಿದ್ದರೂ ಹೊರಗೆ ಕಾಯಲೇಬೇಕು. ಈ ಎರಡು ಗಡಿಯಾರಗಳನ್ನು ಹೊಂದಿಸುವುದೇ ತಂಡೇಲನ ವಿದ್ಯೆಯ ಸಾರ. ಬೆಟ್ಟಗಳೂ ದ್ವೀಪಗಳೂ ಕಾಪಾಡುವ ಕಾರವಾರದ ಕೊಲ್ಲಿಯನ್ನು ಹೊಕ್ಕಾಗ ಮಾತ್ರ ಈ ಚಿಂತೆ ತೀರುತ್ತದೆ.

ಅದೇ ಕಾರವಾರದ ನೌಕಾನೆಲೆಯಲ್ಲಿ 2025ರ ಮೇ 21ರಂದು ‘ಕೌಂಡಿನ್ಯ’ ಎಂಬ ಹಾಯಿಹಡಗು ಭಾರತೀಯ ನೌಕಾಪಡೆಯನ್ನು ಸೇರಿತು. ಅಜಂತದ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗಿದು. ಹಲಗೆಗಳನ್ನು ಹೊಲಿಯಬಲ್ಲ ಕೈಗಳು ಇನ್ನೂ ಇದ್ದುದರಿಂದಲೇ ಇದು ಸಾಧ್ಯವಾಯಿತು. ಹಾಯಿಯ ವಿದ್ಯೆಯೂ ಹಾಗೆಯೇ; ಬಳಸುವವರು ಇಲ್ಲವಾದರೆ ಒಂದೆರಡು ತಲೆಮಾರಿನಲ್ಲಿ ಅಳಿದುಹೋಗುತ್ತದೆ. ಗಾಳಿ ಮಾತ್ರ ತನ್ನ ವೇಳೆಯನ್ನು ತಪ್ಪಿಲ್ಲ. ಓದುಗರು ರಜೆಯಲ್ಲಿ ಕರಾವಳಿಗೆ ಹೋದರೆ ಒಂದು ಕೋಲಿಗೆ ಬಟ್ಟೆಯ ಚೂರನ್ನು ಕಟ್ಟಿ, ಬೆಳಿಗ್ಗೆ ಆರಕ್ಕೆ, ಒಂಬತ್ತಕ್ಕೆ, ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಅದರ ದಿಕ್ಕನ್ನು ಗುರುತು ಹಾಕಿಕೊಳ್ಳಲಿ. ಮೂರು ದಿನಗಳ ಗುರುತುಗಳನ್ನು ಹೋಲಿಸಿ ನೋಡಿದರೆ, ತಂಡೇಲನು ಬಂದರಿನಿಂದ ಯಾವ ಹೊತ್ತಿಗೆ ಹೊರಡುತ್ತಿದ್ದನೆಂಬುದನ್ನು ಅವರೇ ಹೇಳಬಲ್ಲರು.