ಪರವಾನಗಿಯಿಲ್ಲದ ಬಾಳು

ಉದರಪೋಷಣೆಗಾಗಿ ಊರು ಬಿಡುವುದು ನಮ್ಮ ಕರಾವಳಿಯ ಜನಕ್ಕೆ ಹೊಸತೇನೂ ಅಲ್ಲ. ಅಜ್ಜಂದಿರ ಕಾಲದವರು ಮುಂಬಯಿಯ ಹೋಟೆಲುಗಳನ್ನು ಸೇರಿದರು. 1973ರಲ್ಲಿ ಎಣ್ಣೆಯ ಬೆಲೆ ಏರಿ ಕೊಲ್ಲಿಯ ನಾಡುಗಳು ಸಿರಿವಂತವಾದ ಮೇಲೆ ನಮ್ಮವರ ಮುಖ ಆ ಕಡೆಗೆ ತಿರುಗಿತು. ಹೋದವರು ಕಟ್ಟಿಸಿದ ಮನೆಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಆದರೆ ಅಲ್ಲಿ ವಾಸದ ಪರವಾನಗಿಯನ್ನು ಕಳೆದುಕೊಂಡು ಬದುಕುವವರ ಪಾಡು ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಕುರಿತು ನಾಲ್ಕು ಮಾತು ಹೇಳುವುದೇ ಈ ಲೇಖನದ ಉದ್ದೇಶ.

ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. 2016ರಲ್ಲಿ ನನ್ನ ಅಜ್ಜಿ ತೀರಿಕೊಂಡಾಗ ದುಬೈಯಲ್ಲಿದ್ದ ಸೋದರಮಾವನವರು ಬರಲಿಲ್ಲ. "ದುಡ್ಡು ಕಂಡ ಮೇಲೆ ಹೆತ್ತ ತಾಯಿಯೂ ಬೇಡವಾದಳು" ಎಂದು ಊರಿನವರು ಆಡಿಕೊಂಡರು. ನಾನೂ ಹಾಗೆಯೇ ಎಣಿಸಿದೆನು. 2018ರಲ್ಲಿ ಅವರು ಬರಿಗೈಯಲ್ಲಿ ಮರಳಿದಾಗಲೇ ನಿಜ ತಿಳಿದುದು. ಅಲ್ಲಿಂದ ಹೊರಡಲು ಅವರ ಬಳಿ ಕಾಗದಪತ್ರಗಳೇ ಇರಲಿಲ್ಲ.

ಇಂಥ ಸ್ಥಿತಿ ಒದಗುವುದು ಹೇಗೆ? ಕೊಲ್ಲಿಯ ನಾಡುಗಳಲ್ಲಿ 'ಕಫಾಲಾ' ಎಂಬ ಪದ್ಧತಿ ಬೆಳೆದು ಬಂದಿದೆ. ಪರದೇಶದ ಕೆಲಸಗಾರನು ಅಲ್ಲಿರಲು ಒಬ್ಬ ಜಾಮೀನುದಾರ, ಎಂದರೆ 'ಕಫೀಲ', ಬೇಕು. ಸಾಮಾನ್ಯವಾಗಿ ಕೆಲಸ ಕೊಟ್ಟ ಧಣಿಯೇ ಕಫೀಲನು. ವಾಸದ ಪರವಾನಗಿಯು ಆ ಧಣಿಯ ಕೆಲಸಕ್ಕೆ ಕಟ್ಟುಬಿದ್ದಿರುತ್ತದೆ. ಆದುದರಿಂದ ಕಂಪೆನಿ ಮುಚ್ಚಿದರೆ, ಪರವಾನಗಿಯನ್ನು ಧಣಿ ನವೀಕರಿಸದಿದ್ದರೆ, ಇಲ್ಲವೆ ಸಂಬಳ ಸಿಗದೆ ಕೆಲಸ ಬಿಟ್ಟವನನ್ನು "ಓಡಿಹೋದನು" ಎಂದು ಅವನು ದೂರಿದರೆ, ಕ್ರಮವಾಗಿ ವೀಸಾ ಪಡೆದು ಹೋದವನೂ ಅಕ್ರಮ ನಿವಾಸಿಯಾಗಬಲ್ಲನು. ಸಂದರ್ಶಕರ ವೀಸಾದ ಅವಧಿ ಮೀರಿ ಉಳಿಯುವವರೂ ಉಂಟು. ದಲ್ಲಾಳಿಯ 'ಫ್ರೀ ವೀಸಾ'ವನ್ನು ನಂಬಿ, ಹೆಸರಿಗೊಬ್ಬ ಕಫೀಲ, ದುಡಿಮೆಗೆ ಬೇರೊಬ್ಬ ಧಣಿ ಎಂಬಂತೆ ಸಿಕ್ಕಿಬೀಳುವವರೂ ಉಂಟು. ಕತಾರ್ 2020ರಲ್ಲಿ, ಸೌದಿ ಅರೇಬಿಯಾ 2021ರಲ್ಲಿ ಧಣಿಯನ್ನು ಬದಲಿಸುವ ನಿಯಮಗಳನ್ನು ಸಡಿಲಿಸಿದುವು. ಆದರೂ ವಾಸಕ್ಕೂ ಕೆಲಸಕ್ಕೂ ಬಿದ್ದ ಗಂಟು ಪೂರ್ತಿ ಬಿಚ್ಚಿಲ್ಲ.

ಮಾವನವರಿಗೆ ಐದು ತಿಂಗಳ ಸಂಬಳ ಬರಲಿಲ್ಲ. ಪಾಸ್‌ಪೋರ್ಟು ಧಣಿಯ ಕಪಾಟಿನಲ್ಲಿತ್ತು. ಅವರು ಅಲ್ಲಿಂದ ಹೊರಟು ಬೇರೆ ಕಡೆ ದಿನಗೂಲಿಗೆ ಸೇರಿದರು.

ಪರವಾನಗಿ ತಪ್ಪಿದ ಮರುದಿನ ಆಕಾಶವೇನೂ ಕಳಚಿ ಬೀಳುವುದಿಲ್ಲ. ಕೆಲಸವೂ ಸಿಗುತ್ತದೆ. ಆದರೆ ಹೇಳಿದ ಕೂಲಿಯನ್ನು ಕೊಡದಿದ್ದರೆ ಕೇಳುವ ಧೈರ್ಯವಿರುವುದಿಲ್ಲ. ದೂರು ಕೊಡಲು ಹೋದವನು ತಾನೇ ಸೆರೆಸಿಕ್ಕಬಹುದು. ಮಾವನವರು ಬಾಕಿ ಕೇಳಿದಾಗ ಹೊಸ ಧಣಿ ಆಡಿದುದು ಒಂದೇ ಮಾತು: "ಪೊಲೀಸರನ್ನು ಕರೆಯಲೇ?" ಕಾಯಿಲೆ ಬಂದರೆ ಆಸ್ಪತ್ರೆಯಲ್ಲಿ ಗುರುತಿನ ಚೀಟಿ ಕೇಳುವರೆಂಬ ಅಂಜಿಕೆ. ಜ್ವರ ಬಂದಾಗಲೆಲ್ಲ ಅವರು ಊರಿನವರು ಕೊಟ್ಟ ಮಾತ್ರೆಗಳನ್ನೇ ನುಂಗಿದರು. ಮನೆಗೆ ಮರಳೋಣವೆಂದರೆ ದಂಡದ ಭಾರ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2022ರಿಂದ ಅವಧಿ ಮೀರಿದ ದಿನವೊಂದಕ್ಕೆ 50 ದಿರಹಂ ದಂಡ. ವರ್ಷಕ್ಕೆ 18,250 ದಿರಹಂ ಆಯಿತು. ಹೀಗೆ ಉಳಿಯುವುದೂ ತಪ್ಪು, ಹೊರಡುವುದೂ ಅಸಾಧ್ಯ. ಕಾನೂನು ವಿಧಿಸುವ ಶಿಕ್ಷೆಗಿಂತ, ಆ ಶಿಕ್ಷೆಯ ಭಯವನ್ನು ತೋರಿಸಿ ಇತರರು ಮಾಡುವ ಅನ್ಯಾಯವೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಬಿಡುಗಡೆಯ ದಾರಿ ಇಲ್ಲವೆಂದಲ್ಲ. ಅಲ್ಲಿನ ಸರ್ಕಾರ ಆಗಾಗ ಕ್ಷಮಾದಾನ ಸಾರುತ್ತದೆ. 2018ರಲ್ಲಿಯೂ, 2024ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೂ ದಂಡವಿಲ್ಲದೆ ಹೊರಡಲು ಅವಕಾಶವಿತ್ತು. ಪಾಸ್‌ಪೋರ್ಟಿಲ್ಲದವರಿಗೆ ನಮ್ಮ ರಾಯಭಾರ ಕಚೇರಿಯು ತುರ್ತು ಪ್ರಯಾಣಪತ್ರ ಕೊಡುತ್ತದೆ. ತೀರ ಕಷ್ಟದಲ್ಲಿರುವವರಿಗೆ 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವುಂಟು. ಮಾವನವರು ಬಂದುದು 2018ರ ಕ್ಷಮಾದಾನದಲ್ಲಿ. ಆದರೆ ಕ್ಷಮಾದಾನವು ತಾಯಿಯ ಸಾವಿಗೆ ಹೊಂದಿಕೊಂಡು ಬರುವುದಿಲ್ಲ.

ವಿದ್ಯಾರ್ಥಿಮಿತ್ರರಿಗೆ ಇನ್ನೊಂದು ಮಾತು. 1983ರ ವಲಸೆ ಕಾಯಿದೆಯ ಏರ್ಪಾಡಿನಲ್ಲಿ, ಹತ್ತನೆಯ ತರಗತಿ ಮುಗಿಸದವರು ಸಾಮಾನ್ಯವಾಗಿ ಕೊಲ್ಲಿಯ ನಾಡುಗಳಿಗೆ ದುಡಿಯಲು ಹೋಗುವ ಮುನ್ನ ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು; 10 ಲಕ್ಷ ರೂಪಾಯಿಗಳ ವಿಮೆಯನ್ನೂ ಮಾಡಿಸಬೇಕು. ಪದವಿ ಪಡೆದ ನಮಗೆ ಈ ಕಟ್ಟುಪಾಡಿಲ್ಲ. ಇದು ಅನುಕೂಲವೆಂದು ತೋರಬಹುದು. ಆದರೆ ನಮ್ಮ ಕರಾರನ್ನು ಪರೀಕ್ಷಿಸುವವರೂ ಯಾರೂ ಇಲ್ಲವೆಂದೇ ಇದರ ಅರ್ಥ. ಆ ಹೊಣೆ ನಮ್ಮದೇ. ದಲ್ಲಾಳಿಯು ನೋಂದಾಯಿತನೇ ಎಂಬುದನ್ನು ವಿದೇಶಾಂಗ ಮಂತ್ರಾಲಯದ 'ಇ-ಮೈಗ್ರೇಟ್' ಜಾಲತಾಣದಲ್ಲಿ ನೋಡಬೇಕು. ಸಂದರ್ಶಕರ ವೀಸಾದಲ್ಲಿ ದುಡಿಯಲು ಹೋಗಬಾರದು. ಪಾಸ್‌ಪೋರ್ಟು, ವೀಸಾ, ಕರಾರುಪತ್ರಗಳ ಪ್ರತಿಗಳನ್ನು ಮನೆಯಲ್ಲಿಟ್ಟೇ ಹೊರಡಬೇಕು.

ಊರಿಗೆ ಬಾರದವನನ್ನು ಕೃತಘ್ನನೆಂದು ಜರೆಯುವ ಮೊದಲು, ಬರಲು ಅವನಿಗೆ ದಾರಿಯಿದೆಯೇ ಎಂದು ವಿಚಾರಿಸೋಣ. ಎರಡು ವರ್ಷ ಮಾವನವರನ್ನು ಮನಸ್ಸಿನಲ್ಲಿಯೇ ಹಳಿದ ನಾನು ಕಲಿತ ಪಾಠವಿದು.