ಪ್ಲಾಸ್ಟಿಕ್ ಹಾಳೆಯೊಳಗೊಂದು ಸುಣ್ಣಕಲ್ಲು



ಎಳೆಯ ಮಕ್ಕಳಿಗೆ ತೊಡಿಸುವ ಡೈಪರನ್ನು ನೀವು ನೋಡಿರುತ್ತೀರಿ. ಅದರ ಹೊರಪದರದಲ್ಲಿ ಒಂದು ತೆಳುವಾದ ಪ್ಲಾಸ್ಟಿಕ್ ಹಾಳೆಯಿರುತ್ತದೆ. ಒಳಗಿನ ನೀರು ಅದನ್ನು ದಾಟಿ ಹೊರಗೆ ಬರುವುದಿಲ್ಲ. ಆದರೆ ಉತ್ತಮ ಬಗೆಯ ಹಾಳೆಯಾದರೆ ನೀರಿನ ಆವಿ ಹೊರಗೆ ಹೋಗುತ್ತದೆ, ಮಗುವಿನ ಚರ್ಮಕ್ಕೆ ಗಾಳಿಯಾಡುತ್ತದೆ. ನೀರನ್ನು ತಡೆದು ಆವಿಯನ್ನು ಬಿಡುವ ಇಂಥ ಹಾಳೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಕಲ್ಲಿನ ಪುಡಿ ಎಂದರೆ ನಂಬುವಿರಾ? ನಮ್ಮ ಶಹಾಬಾದ್ ಚಪ್ಪಡಿಯಲ್ಲಿ ಮುಖ್ಯವಾಗಿ ಯಾವ ಖನಿಜವಿದೆಯೋ ಆ ಕ್ಯಾಲ್ಸಿಯಂ ಕಾರ್ಬೊನೇಟೇ ಇಲ್ಲಿಯೂ ಇರುವುದು. ಹಾಳೆಗೆ ಬಳಸುವುದು ಮಾತ್ರ ಬಹಳ ಬಿಳಿಯಾದ, ಶುದ್ಧವಾದ ಪುಡಿ.

ಪ್ಲಾಸ್ಟಿಕ್ಕಿಗೆ ಹೀಗೆ ಬೆರೆಸುವ ಪುಡಿಗೆ ಫಿಲ್ಲರ್ ಎನ್ನುತ್ತಾರೆ. ಇದರಿಂದ ಖರ್ಚು ಇಳಿಯುವುದು ನಿಜ. ಆದರೆ ಲಾಭ ಅಷ್ಟೇ ಅಲ್ಲ. ಹಾಳೆಗೆ ಬಿಗಿ ಬರುತ್ತದೆ. ಕಲ್ಲು ಪ್ಲಾಸ್ಟಿಕ್ಕಿಗಿಂತ ಚೆನ್ನಾಗಿ ಶಾಖವನ್ನು ಸಾಗಿಸುವುದರಿಂದ ಯಂತ್ರದಿಂದ ಹೊರಬಂದ ಬಿಸಿ ಹಾಳೆ ಬೇಗ ತಣಿಯುತ್ತದೆ. ಸುರುಳಿ ಸುತ್ತಿದಾಗ ಪದರಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ಕಡಿಮೆಯಾಗುತ್ತದೆ.

ಹಾಗಾದರೆ ಕಲ್ಲನ್ನು ಬೀಸಿ ಬೆರೆಸಿದರೆ ಸಾಕಲ್ಲವೇ? ಸಾಲದು.

ಎಣ್ಣೆ–ನೀರಿನ ಜಗಳ

ಪಾಲಿಥೀನ್ ಎಂಬುದು ಇಂಗಾಲ ಮತ್ತು ಜಲಜನಕದ ಪರಮಾಣುಗಳ ಉದ್ದನೆಯ ಸರಪಳಿ. ಗುಣದಲ್ಲಿ ಅದು ಮೇಣದ ಬಂಧು. ನೀರೆಂದರೆ ಅದಕ್ಕೆ ಆಗದು. ಕ್ಯಾಲ್ಸಿಯಂ ಕಾರ್ಬೊನೇಟಿನ ಮೇಲ್ಮೈಯಲ್ಲಿರುವುದು ವಿದ್ಯುದಾವೇಶವುಳ್ಳ ಅಯಾನುಗಳು. ಅವು ನೀರನ್ನು ಸೆಳೆಯುತ್ತವೆ, ಕಣಕ್ಕೆ ಕಣ ಅಂಟಿಕೊಳ್ಳುತ್ತದೆ. ಕುದಿಯುವ ನೀರಿಗೆ ರಾಗಿ ಹಿಟ್ಟನ್ನು ಒಮ್ಮೆಗೇ ಸುರಿದರೆ ಗಂಟುಕಟ್ಟುವುದಿಲ್ಲವೇ? ಕರಗಿದ ಪ್ಲಾಸ್ಟಿಕ್ಕಿನಲ್ಲಿ ಬರಿಯ ಕಲ್ಲುಪುಡಿಯೂ ಹಾಗೆಯೇ ಗಂಟಾಗುತ್ತದೆ.

ಮುದ್ದೆಯಲ್ಲಿನ ಗಂಟನ್ನು ಹೇಗೋ ನುಂಗಬಹುದು. ಹಾಳೆಯಲ್ಲಿನ ಗಂಟನ್ನು ಸಹಿಸಲಾಗದು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದುಕೊಳ್ಳಿ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಹಾಳೆಯ ದಪ್ಪ 25 ಮೈಕ್ರಾನ್ ಇರುವಾಗ 20 ಮೈಕ್ರಾನ್ ಗಾತ್ರದ ಗಂಟೊಂದು ಅದರಲ್ಲಿ ಕುಳಿತರೆ ಅಲ್ಲಿ ತೂತು ಬಿದ್ದಂತೆಯೇ ಸರಿ. ಪುಡಿ ಹೀರಿಕೊಂಡ ತೇವವೂ ತೊಂದರೆ ಕೊಡುತ್ತದೆ. ಯಂತ್ರದೊಳಗಿನ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ಆವಿಯಾಗಿ ಹಾಳೆಯಲ್ಲಿ ಗುಳ್ಳೆ ಎಬ್ಬಿಸುತ್ತದೆ.

ಒಂದು ಅಣು ದಪ್ಪದ ಅಂಗಿ

ಇದಕ್ಕೆ ಪರಿಹಾರ ಸ್ಟಿಯರಿಕ್ ಆಮ್ಲ. ಇದು ಕೊಬ್ಬು, ಎಣ್ಣೆಗಳಿಂದ ದೊರೆಯುವ ಮೇಣದಂಥ ವಸ್ತು. ಇದರ ಅಣುವಿನಲ್ಲಿ 18 ಇಂಗಾಲದ ಪರಮಾಣುಗಳಿವೆ. ಒಂದು ತುದಿಯಲ್ಲಿ ಆಮ್ಲದ ತಲೆ, ಉಳಿದದ್ದು ಉದ್ದನೆಯ ಬಾಲ. ಸುಮಾರು 69 ಡಿಗ್ರಿಯಲ್ಲಿ ಇದು ಕರಗುತ್ತದೆ. ಪುಡಿಯನ್ನು ಅದಕ್ಕಿಂತ ಹೆಚ್ಚು ಬಿಸಿಮಾಡಿ, ಆಮ್ಲ ಸೇರಿಸಿ, ವೇಗವಾಗಿ ಕಲಸುತ್ತಾರೆ. ಆಗ ಅಣುವಿನ ತಲೆ ಕಲ್ಲಿನ ಕ್ಯಾಲ್ಸಿಯಮ್ಮನ್ನು ರಾಸಾಯನಿಕವಾಗಿ ಹಿಡಿದುಕೊಳ್ಳುತ್ತದೆ. ಬಾಲ ಹೊರಗೆ ಚಾಚಿಕೊಳ್ಳುತ್ತದೆ. ಬಾಲದ ರಚನೆ ಪಾಲಿಥೀನ್ ಸರಪಳಿಯಂತೆಯೇ ಇರುವುದರಿಂದ ಪ್ಲಾಸ್ಟಿಕ್ಕಿಗೆ ಈಗ ಕಲ್ಲು ಪರಕೀಯವಾಗಿ ಕಾಣುವುದಿಲ್ಲ.

ಎಷ್ಟು ಆಮ್ಲ ಬೇಕು? ನೀವೇ ಲೆಕ್ಕ ಹಾಕಬಹುದು. ಒಂದು ಸೆಂಟಿಮೀಟರ್ ಬದಿಯ ಕಲ್ಲಿನ ಘನ ತೆಗೆದುಕೊಳ್ಳಿ. ತೂಕ 2.7 ಗ್ರಾಂ, ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮೈಕ್ರಾನ್ ಬದಿಯ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 6 ಚದರ ಮೀಟರ್, ಅಂದರೆ ಒಂದು ಪುಟ್ಟ ಕೋಣೆಯ ನೆಲದಷ್ಟು! ಅಷ್ಟಕ್ಕೂ ಒಂದು ಅಣು ದಪ್ಪದ ಹೊದಿಕೆ ಹೊದಿಸಲು ಬೇಕಾದ ಆಮ್ಲ ಸುಮಾರು 14 ಮಿಲಿಗ್ರಾಂ ಮಾತ್ರ. ನಿಜವಾದ ಪುಡಿಯಲ್ಲಿ ಇನ್ನೂ ಸಣ್ಣ ಕಣಗಳೂ ಇರುವುದರಿಂದ ತೂಕದ ಶೇಕಡಾ 1ರ ಆಸುಪಾಸು ಬೇಕಾಗುತ್ತದೆ. ಅದಕ್ಕಿಂತ ಹೆಚ್ಚು ಹಾಕಿದರೆ ಹಿಡಿತ ಸಿಗದ ಆಮ್ಲ ಬಿಡಿಯಾಗಿ ಉಳಿದು ಬಿಸಿಯಲ್ಲಿ ಹೊಗೆಯಾಡುತ್ತದೆ.

ಹೊದಿಕೆ ಸರಿಯಾಗಿದೆಯೇ ಎಂದು ತಿಳಿಯಲು ಚಿಟಿಕೆ ಪುಡಿಯನ್ನು ನೀರಿನ ಮೇಲೆ ಉದುರಿಸಿದರೆ ಸಾಕು. ಬರಿಯ ಪುಡಿ ನೆನೆದು ಮುಳುಗುತ್ತದೆ. ಹೊದಿಕೆಯ ಪುಡಿ, ನೀರಿಗಿಂತ 2.7 ಪಟ್ಟು ಸಾಂದ್ರವಾದ ಕಲ್ಲೇ ಆದರೂ, ನೆನೆಯದೆ ಮೇಲೆ ನಿಲ್ಲುತ್ತದೆ. ಕೆಸುವಿನ ಎಲೆಗೆ ನೀರು ಅಂಟದಿರುವುದನ್ನು ನೆನೆಸಿಕೊಳ್ಳಿ.

ಎಲ್ಲ ಖನಿಜಕ್ಕೂ ಇದೇ ಅಂಗಿ ಹೊಂದುವುದಿಲ್ಲ. ಸಿಲಿಕಾದಂಥ ಖನಿಜಗಳ ಮೇಲ್ಮೈಯಲ್ಲಿ ಆಮ್ಲಜನಕ–ಜಲಜನಕದ ಜೋಡಿಗಳಿರುತ್ತವೆ. ಅವುಗಳಿಗೆ ಸಿಲೇನ್ ಎಂಬ ಬೇರೆ ವಸ್ತು ಬೇಕು.

ಬಿಡುವುದರಿಂದಲೂ ಉಪಯೋಗ

ಈಗ ಡೈಪರ್ ಹಾಳೆಗೆ ಬರೋಣ. ಸ್ಟಿಯರಿಕ್ ಬಾಲ ಪ್ಲಾಸ್ಟಿಕ್ಕಿನೊಡನೆ ಹೊಂದಿಕೊಳ್ಳುತ್ತದೆ, ಆದರೆ ಅದರೊಡನೆ ಗಟ್ಟಿ ಬಂಧ ಬೆಸೆಯುವುದಿಲ್ಲ. ಹಾಳೆಯನ್ನು ಹಿಡಿದು ಎಳೆದಾಗ ಪ್ಲಾಸ್ಟಿಕ್ ಹಿಗ್ಗುತ್ತದೆ, ಕಲ್ಲು ಹಿಗ್ಗದು. ಪ್ರತಿ ಕಣದ ಸುತ್ತ ಪ್ಲಾಸ್ಟಿಕ್ ಕಳಚಿಕೊಂಡು ಸಣ್ಣ ಪೊಳ್ಳು ಉಂಟಾಗುತ್ತದೆ. ಈ ಪೊಳ್ಳುಗಳು ಒಂದಕ್ಕೊಂದು ಕೂಡಿ ಅಂಕುಡೊಂಕು ದಾರಿಗಳಾಗುತ್ತವೆ. ಆವಿಯಲ್ಲಿ ನೀರಿನ ಅಣುಗಳು ಬಿಡಿಬಿಡಿಯಾಗಿರುವುದರಿಂದ ಅವು ಈ ದಾರಿಯಲ್ಲಿ ನುಸುಳಿ ಹೋಗುತ್ತವೆ. ದ್ರವರೂಪದ ನೀರು ಮೇಣದಂಥ ಗೋಡೆಯನ್ನು ನೆನೆಸಲಾರದೆ, ತನ್ನ ಮೇಲ್ಮೈ ಸೆಳೆತದಿಂದಾಗಿ ಹೊರಗೇ ಉಳಿಯುತ್ತದೆ. ಕಣಗಳು ಸಮವಾಗಿ ಹರಡಿದ್ದರೆ ಮಾತ್ರ ಇದು ಸಾಧ್ಯ. ಒಂದು ಗಂಟು ಇದ್ದರೂ ದೊಡ್ಡ ತೂತಾಗಿ ಸೋರುತ್ತದೆ.

ಕೊಳ್ಳುವವರಿಗೊಂದು ಮಾತು

ಪಾಲಿಥೀನಿನ ಸಾಂದ್ರತೆ ಸುಮಾರು 0.92. ತೂಕದಲ್ಲಿ ಶೇಕಡಾ 20ರಷ್ಟು ಕಲ್ಲು ಸೇರಿದರೆ ಅದು ಸುಮಾರು 1.06 ಆಗುತ್ತದೆ. ದಪ್ಪ ಅಷ್ಟೇ ಇದ್ದರೆ ಒಂದು ಕಿಲೋಗ್ರಾಮಿಗೆ ಸಿಗುವ ಹಾಳೆಯ ವಿಸ್ತೀರ್ಣ ಸುಮಾರು ಶೇಕಡಾ 13 ಕಡಿಮೆ. ಹೊಲಕ್ಕೆ ಹೊದಿಸುವ ಹಾಳೆಯನ್ನು ತೂಕದ ಲೆಕ್ಕದಲ್ಲಿ ಕೊಳ್ಳುವ ರೈತನಿಗೆ ಇದು ಸಣ್ಣ ನಷ್ಟವಲ್ಲ. ಆದ್ದರಿಂದ ತೂಕದ ಜೊತೆಗೆ ಉದ್ದ, ಅಗಲ, ದಪ್ಪವನ್ನೂ ಕೇಳಬೇಕೆಂದು ನಿಮ್ಮ ಮನೆಯ ಹಿರಿಯರಿಗೆ ತಿಳಿಸಿ.

ಪಾಲಿಥೀನ್ ಚೀಲದ ಒಂದು ತುಂಡನ್ನು ಸೋಪು ಬೆರೆಸಿದ ನೀರಿನಲ್ಲಿ ಅದ್ದಿ, ಅಂಟಿದ ಗಾಳಿಗುಳ್ಳೆಗಳನ್ನು ಒರೆಸಿ ಬಿಡಿ. ತೇಲಿದರೆ ಕಲ್ಲು ಕಡಿಮೆ. ಮುಳುಗಿದರೆ ಹೆಚ್ಚು ಇರಬಹುದು. ಆದರೆ ಪಿ.ವಿ.ಸಿ.ಯಂಥ ಪ್ಲಾಸ್ಟಿಕ್ಕುಗಳು ಕಲ್ಲಿಲ್ಲದೆಯೂ ಮುಳುಗುತ್ತವೆ ಎಂಬುದು ನೆನಪಿರಲಿ. ಮರುಬಳಕೆಯ ಕಾರ್ಖಾನೆಗಳಲ್ಲಿ ಪ್ಲಾಸ್ಟಿಕ್ಕುಗಳನ್ನು ಹೀಗೆ ನೀರಿನ ತೊಟ್ಟಿಯಲ್ಲಿ ಬೇರ್ಪಡಿಸುವುದುಂಟು. ಕಲ್ಲು ಹೆಚ್ಚಾದ ಪಾಲಿಥೀನ್ ಅಲ್ಲಿ ಮುಳುಗಿ ತಪ್ಪು ಗುಂಪಿಗೆ ಸೇರಿಬಿಡುತ್ತದೆ.

ಇನ್ನೊಂದು ವಿಷಯ. ಕಲ್ಲು ಮಣ್ಣಿನಿಂದಲೇ ಬಂದದ್ದು, ಹಾಗಾಗಿ ಈ ಹಾಳೆ ಮಣ್ಣಿನಲ್ಲಿ ಕೊಳೆಯುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಲ್ಲು ಕಲ್ಲಾಗಿಯೇ, ಪಾಲಿಥೀನ್ ಪಾಲಿಥೀನಾಗಿಯೇ ಉಳಿಯುತ್ತದೆ. ಬಳಸಿದ ಹಾಳೆಯನ್ನು ಬೀದಿಗೆ ಎಸೆಯದಿರುವ ಹೊಣೆ ನಮ್ಮ ಮೇಲೆ ಹಾಗೆಯೇ ಇರುತ್ತದೆ.

ಈ ವಿಷಯವನ್ನು ಮುಂದೆ ಓದಬೇಕೆನ್ನುವವರಿಗೆ ಕೇಂದ್ರ ಸರ್ಕಾರದ ಸಿಪೆಟ್ ಸಂಸ್ಥೆಯಿದೆ. 1968ರಲ್ಲಿ ಚೆನ್ನೈನಲ್ಲಿ ಆರಂಭವಾದ ಇದರ ಒಂದು ಕೇಂದ್ರ ನಮ್ಮ ಮೈಸೂರಿನಲ್ಲಿಯೂ ಇದೆ. ರಸಾಯನಶಾಸ್ತ್ರದ ತರಗತಿಯಲ್ಲಿ ಮೇಲ್ಮೈ ಎಂಬ ಪಾಠ ಬಂದಾಗ ಅದು ಪರೀಕ್ಷೆಗೆ ಮಾತ್ರ ಎಂದು ಪುಟ ತಿರುವಬೇಡಿ. ಒಂದು ಹಾಳೆ ಸೋರುವುದೋ ಉಸಿರಾಡುವುದೋ ಎಂಬುದು ಒಂದು ಅಣು ದಪ್ಪದ ಆ ಮೇಲ್ಮೈಯಲ್ಲೇ ತೀರ್ಮಾನವಾಗುತ್ತದೆ.