ನಮ್ಮ ತೋಟದಲ್ಲಿ ಬೇರೆಯವರ ದೋಣಿ

ಕಳೆದ ಮಳೆಗಾಲದ ಶುರುವಿನಲ್ಲಿ ಅಮ್ಮ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದ್ರು. ನಮ್ಮ ತೆಂಗಿನ ತೋಟದ ಮೂಲೆ, ಅಲ್ಲಿ ಬಿದ್ದಿರುವ ಹಳೇ ದೋಣಿ, ದೋಣಿ ತುಂಬ ಮಳೆ ನೀರು. ಕೆಳಗೆ ಒಂದು ವಾಯ್ಸ್ ನೋಟ್: ‘ಲಾರ್ವಾ ಸರ್ವೆಗೆ ಆಶಾ ಕಾರ್ಯಕರ್ತೆ ಬಂದಿದ್ರ್. ಡೆಂಗಿ ಸೊಳ್ಳೆ ಮರಿ ಇತ್ತಂಬ್ರ್. ಇದನ್ನ್ ತೆಗೀದಿದ್ರೆ ಆತಿಲ್ಲ ಅಂದ್ರ್. ನೀನೇ ಬಂದ್ ಎಂತಾರೂ ಮಾಡ್.’

ನಮ್ಮನೆ ಇರೋದು ಗಂಗೊಳ್ಳಿ ಹತ್ತಿರ, ಪಂಚಗಂಗಾವಳಿ ಹೊಳೆಯ ದಂಡೆಯಲ್ಲಿ. ನಾನು ಬೆಂಗಳೂರಿನಲ್ಲಿ ಕೋಡ್ ಬರೆಯೋನು. ಸೀದಾ ಫ್ಯಾಮಿಲಿ ಗ್ರೂಪಲ್ಲಿ ಕೇಳಿದೆ. ಹತ್ತು ನಿಮಿಷದಲ್ಲಿ ಹದಿನೈದು ಸಲಹೆ ಬಂತು. ಒಡೆದು ಗುಜರಿಗೆ ಹಾಕು. ಸೀಮೆಎಣ್ಣೆ ಸುರಿದು ಬೆಂಕಿ ಕೊಡು. ರಾತ್ರಿ ಇಳಿತದ ಹೊತ್ತಿಗೆ ಹೊಳೆಗೆ ತಳ್ಳು, ಸಮುದ್ರ ನೋಡಿಕೊಳ್ಳುತ್ತೆ. ನನ್ನ ಕಸಿನ್ ಒಬ್ಬ ‘ಅಲಂಗ್‌ಗೆ ಕಳಿಸು’ ಅಂತ ನಗುವ ಇಮೋಜಿ ಹಾಕಿದ. ಇಪ್ಪತ್ತೆಂಟು ಅಡಿಯ ಫೈಬರ್ ನಾಡದೋಣಿ ಕಳಿಸಿದ್ರೆ ಗುಜರಾತಿನ ಹಡಗು ಒಡೆಯುವವರು ನನ್ನನ್ನೇ ಒಡೀತಾರೆ.

ಗ್ರೂಪಲ್ಲಿ ಯಾವತ್ತೂ ಮಾತಾಡದ ಅಪ್ಪಯ್ಯ ಮಾತ್ರ ಫೋನ್ ಮಾಡಿದ್ರು. ಹೇಳಿದ್ದು ಎರಡೇ ವಾಕ್ಯ. ‘ಅದ್ ಅವಂದ್. ಮುಟ್ಟುಕಾಗ.’

‘ಅವ’ ಅಂದ್ರೆ ನಾನು ಚಿಕ್ಕಂದಿನಲ್ಲಿ ದೋಣಿ ಮಾವ ಅಂತ ಕರೀತಿದ್ದವರು. ಅಪ್ಪಯ್ಯನ ಶಾಲೆ ಸ್ನೇಹಿತರು. 2019ರಲ್ಲಿ ಮೀನುಗಾರಿಕೆ ನಿಷೇಧದ ಹೊತ್ತಿಗೆ ದೋಣಿಯನ್ನು ನಮ್ಮ ತೋಟಕ್ಕೆ ಎಳೆದು ಹಾಕಿ, ‘ಮಳೆ ಮುಗ್ದ್ ಮೇಲ್ ತಕಂಡ್ ಹೋತೆ’ ಅಂದಿದ್ರು. ಆ ವರ್ಷವೇ ಕಾಯಿಲೆ ಬಿದ್ದರು. ಖರ್ಚಿಗೆ ಅಂತ ಎಂಜಿನ್ ಮಾರಿದರು, ಮುಂಬೈಯಲ್ಲಿದ್ದ ಮಗಳ ಮನೆಗೆ ಹೋದರು. 2021ರಲ್ಲಿ, ಎರಡನೇ ಅಲೆಯಲ್ಲಿ ಅಲ್ಲೇ ತೀರಿಕೊಂಡರು. ಅಪ್ಪಯ್ಯನಿಗೆ ಸುದ್ದಿ ಗೊತ್ತಾಗಿದ್ದು ಒಂದು ತಿಂಗಳ ಮೇಲೆ. ದೋಣಿ ಮಾತ್ರ ಹಾಗೇ ಇತ್ತು. ಒಳಗೆ ಕೆಸುವಿನ ಎಲೆ ಬೆಳೆದಿತ್ತು.

ಅಪ್ಪಯ್ಯನದ್ದು ಬರೀ ಸೆಂಟಿಮೆಂಟ್ ಅಂದ್ಕೊಂಡಿದ್ದೆ. ಕಾನೂನು ಓದಿದ ಗೆಳತಿಯೊಬ್ಬಳನ್ನು ಕೇಳಿದಾಗ ಅವಳು, ‘ನಿಮ್ಮಪ್ಪ ಹೇಳಿದ್ದೇ ಸರಿ’ ಅಂದಳು.

ಒಬ್ಬರು ತಮ್ಮ ವಸ್ತುವನ್ನು ನಿಮ್ಮ ಹತ್ರ ಇಟ್ಟು, ಆಮೇಲೆ ತಗೊಂಡು ಹೋಗ್ತೀನಿ ಅಂದರೆ ಅದಕ್ಕೆ 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಬೈಲ್‌ಮೆಂಟ್ ಅಂತಾರೆ. ಬಾಡಿಗೆ ತಗೊಳ್ಳದೆ ಪುಕ್ಕಟೆ ಇಟ್ಟುಕೊಂಡರೂ ಅಷ್ಟೇ. ನಿಮ್ಮ ಸ್ವಂತ ವಸ್ತುವನ್ನು ಹೇಗೆ ನೋಡ್ಕೊಳ್ತೀರೋ ಹಾಗೆ ನೋಡ್ಕೊಬೇಕು. ಪುಕ್ಕಟೆ ಬೈಲ್‌ಮೆಂಟ್ ಇಬ್ಬರಲ್ಲಿ ಯಾರೇ ತೀರಿಕೊಂಡರೂ ಮುಗಿಯುತ್ತೆ. ಮುಗಿದ ಕೂಡಲೇ ವಸ್ತು ನಿಮ್ಮದಾಗಲ್ಲ, ವಾರಸುದಾರರದ್ದಾಗುತ್ತೆ. ಆರು ವರ್ಷ ನಿಮ್ಮ ಜಾಗದಲ್ಲಿ ಬಿದ್ದಿತ್ತು ಅನ್ನೋದು ಒಡೆಯೋಕೆ ಪರ್ಮಿಷನ್ ಅಲ್ಲ. ಮಾಲೀಕ ಯಾರು ಅಂತ ಗೊತ್ತಿದ್ದೂ ಮಾರಿ ದುಡ್ಡು ಜೇಬಿಗೆ ಹಾಕಿದರೆ ಅದು ಅಪ್ರಾಮಾಣಿಕ ದುರುಪಯೋಗ. ಹಿಂದೆ ಐಪಿಸಿ 403, ಈಗ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ.

ಯಾರದ್ದು ಅಂತಲೇ ಗೊತ್ತಿಲ್ಲದ ದೋಣಿ ಆಗಿದ್ದರೆ ದಾರಿ ಬೇರೆ. ದಡಕ್ಕೆ ತೇಲಿ ಬಂದದ್ದಾದರೆ ಮೊದಲು ಪೊಲೀಸರಿಗೆ ಲಿಖಿತವಾಗಿ ತಿಳಿಸಬೇಕು. ಕರಾವಳಿಯಲ್ಲಿ ಅದಕ್ಕೇ ಕರಾವಳಿ ಕಾವಲು ಪೊಲೀಸ್ ಠಾಣೆಗಳಿವೆ. ಪೊಲೀಸರು ವಶಕ್ಕೆ ತಗೊಂಡು ಮ್ಯಾಜಿಸ್ಟ್ರೇಟರಿಗೆ ವರದಿ ಕೊಟ್ಟರೆ, ಮಾಲೀಕ ಸಿಗದಿದ್ದಾಗ ಕೋರ್ಟು ಪ್ರಕಟಣೆ ಹೊರಡಿಸಿ ಆರು ತಿಂಗಳು ಕಾಯುತ್ತೆ. ಸಮುದ್ರದಲ್ಲಿ ಸಿಕ್ಕ ಭಗ್ನನೌಕೆಗೆ 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆ ಮಾಲೀಕನಿಗೆ ಒಂದು ವರ್ಷ ಟೈಮ್ ಕೊಡುತ್ತಿತ್ತು. 2025ರಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸ ಕಾಯ್ದೆ ಪಾಸು ಮಾಡಿದೆ, ಹಾಗಾಗಿ ಹಳೇ ಪಿಡಿಎಫ್ ನಂಬಿಕೊಂಡು ಹೊರಡಬೇಡಿ. ಬಂದರು ವ್ಯಾಪ್ತಿಯೊಳಗೆ ಮುಳುಗಿದ, ದಾರಿಗೆ ಅಡ್ಡ ಇರುವ ಬೋಟು ಬಂದರು ಅಧಿಕಾರಿಗಳ ಲೆಕ್ಕ. ತೆಗೆಸಿದ ಖರ್ಚನ್ನು ಮಾಲೀಕರ ತಲೆಗೇ ಕಟ್ಟುತ್ತಾರೆ.

ನಮ್ಮದರಲ್ಲಿ ಮಾಲೀಕರು ಗೊತ್ತು. ಹಾಗಾಗಿ ಮೊದಲ ಕೆಲಸ ದೋಣಿಯ ನಂಬರ್ ಓದೋದು. ಪಾಚಿ ಕೆರೆದು ನೋಡಿದೆ. ಐಎನ್‌ಡಿ, ಕೆಎ, 02, ಎಂಒ, ಆಮೇಲೆ ನಾಲ್ಕು ಅಂಕಿ. ದೇಶ, ರಾಜ್ಯ, ನೋಂದಣಿ ಕೇಂದ್ರ, ಮಾದರಿ. ಎಂಒ ಅಂದ್ರೆ ಹೊರಗೆ ಎಂಜಿನ್ ಕಟ್ಟುವ ಮೋಟರೀಕೃತ ದೋಣಿ, ಎಂಎಂ ಅಂದ್ರೆ ಟ್ರಾಲರ್‌ನಂಥ ಯಾಂತ್ರೀಕೃತ ಬೋಟು. ಕಾರಿಗೆ ವಾಹನ್ ಪೋರ್ಟಲ್ ಇದ್ದಂತೆ ಮೀನುಗಾರಿಕೆ ದೋಣಿಗಳಿಗೆ ರಿಯಲ್‌ಕ್ರಾಫ್ಟ್ ಅಂತ ಇದೆ. ಎನ್‌ಐಸಿ ಮಾಡಿದ್ದು. ಕೊಳೆತು ಹೋಗಿ ಒಳಗೆ ಕೆಸು ಬೆಳೆದರೂ ಕಾಗದದ ಮೇಲೆ ನಮ್ಮ ತೋಟದ ದೋಣಿ ಜೀವಂತವಾಗಿತ್ತು. ಡೇಟಾಬೇಸ್‌ನಲ್ಲಿ ಯಾರೂ ಕ್ಲೋಸ್ ಮಾಡದ ರೆಕಾರ್ಡು.

‘ಇದ್ರೆ ಇರ್ಲಿ, ಏನೀಗ?’ ಅಂತ ನಿಮಗನಿಸಬಹುದು. ನನಗೂ ಅನಿಸಿತ್ತು. 2008ರ ನವೆಂಬರ್ ನೆನಪು ಮಾಡ್ಕೊಳ್ಳಿ. ಮುಂಬೈ ದಾಳಿಕೋರರು ಬಂದದ್ದು ಪೋರಬಂದರಿನ ‘ಕುಬೇರ್’ ಅನ್ನೋ ಮೀನುಗಾರಿಕಾ ಬೋಟನ್ನು ಅಪಹರಿಸಿ, ಅದರಲ್ಲಿದ್ದವರನ್ನು ಕೊಂದು. ಕರಾವಳಿಯ ದೋಣಿಗಳಿಗೆ ಏಕರೂಪದ ನೋಂದಣಿ, ರಾಜ್ಯಕ್ಕೊಂದು ಬಣ್ಣ, ಮೀನುಗಾರರಿಗೆ ಬಯೊಮೆಟ್ರಿಕ್ ಕಾರ್ಡು, ಇವೆಲ್ಲ ಬಿಗಿಯಾದದ್ದು ಅದರ ನಂತರ. 2022ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಹರಿಹರೇಶ್ವರ ತೀರಕ್ಕೆ ಮೂರು ಎಕೆ-47 ಇದ್ದ ದೋಣಿಯೊಂದು ತೇಲಿ ಬಂದು ಇಡೀ ರಾಜ್ಯ ಹೈ ಅಲರ್ಟ್ ಆಗಿತ್ತು. ಕೊನೆಗೆ ನೋಡಿದರೆ ಅದು ಆಸ್ಟ್ರೇಲಿಯಾದ ಮಹಿಳೆಯೊಬ್ಬರ ‘ಲೇಡಿ ಹಾನ್’ ಅನ್ನೋ ವಿಹಾರ ನೌಕೆ. ಎರಡು ತಿಂಗಳ ಹಿಂದೆ ಒಮಾನ್ ಕಡೆ ಎಂಜಿನ್ ಕೆಟ್ಟಿತ್ತು. ಸಿಬ್ಬಂದಿಯನ್ನು ಬೇರೆ ಹಡಗು ರಕ್ಷಿಸಿತ್ತು, ಖಾಲಿ ನೌಕೆ ಅಲೆಯ ಮೇಲೆ ಇಲ್ಲಿಯವರೆಗೆ ಬಂದಿತ್ತು. ಹೊಳೆಗೆ ತಳ್ಳು ಅಂದ ನಮ್ಮ ಚಿಕ್ಕಪ್ಪನಿಗೆ ಈ ಸುದ್ದಿಯ ಲಿಂಕ್ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ನಾಲ್ಕು ದಿನ ರಜೆ ಹಾಕಿ ಊರಿಗೆ ಹೋದೆ.

ಊರಲ್ಲಿ ದೋಣಿ ಮಾವನ ಅಕ್ಕನ ಮಗ ಇದ್ದಾರೆ. ಹದಿನಾರನೇ ವಯಸ್ಸಿಂದ ಅವರ ಜೊತೆ ಅದೇ ದೋಣಿಯಲ್ಲಿ ಕಡಲಿಗೆ ಹೋದವರು. ನನ್ನ ಮಾತು ಕೇಳಿ, ‘ನಂಗೆ ಬಿಡ್ ಮಾರಾಯ. ನಾನೇ ಸೈನ್ ಹಾಕ್ತೆ, ನಾಳೆಯೇ ಕಡಿವ’ ಅಂದರು. ಹಳೇ ಅಳಿಯಕಟ್ಟಿನ ಲೆಕ್ಕದಲ್ಲಿ ಅವರ ಮಾತಿಗೆ ತೂಕ ಇತ್ತು. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ, ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಸ್ವಂತ ದುಡಿಮೆಯ ಆಸ್ತಿ ಮೊದಲು ಹೋಗೋದು ತಾಯಿ, ಹೆಂಡತಿ, ಗಂಡು ಹೆಣ್ಣು ಮಕ್ಕಳಿಗೆ. ಅಳಿಯನಿಗಲ್ಲ. ಇದನ್ನು ಅವರಿಗೆ ಹೇಳೋದು ನನಗೆ ಈ ಇಡೀ ಕೆಲಸದಲ್ಲಿ ಕಷ್ಟವಾದ ಭಾಗ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದ್ ಹೌದ್. ಅತ್ತೆಯನ್ನೇ ಕೇಳ್’ ಅಂದು ತಮ್ಮ ಫೋನಿಂದಲೇ ನಂಬರ್ ಹಚ್ಚಿ ಕೊಟ್ಟರು.

ಅತ್ತೆ ಮುಂಬೈಯಲ್ಲಿ ಮಗಳ ಜೊತೆ ಇದ್ದಾರೆ, ಮಗ ಮಸ್ಕತ್‌ನಲ್ಲಿ. ನನ್ನ ದನಿ ಕೇಳಿ ಅವರು ಮೊದಲು ಕೇಳಿದ್ದು, ‘ದೋಣಿ ಇನ್ನೂ ಇತ್ತಾ?’ ಅಂತ. ಯಾರೋ ಯಾವಾಗಲೋ ಒಯ್ದಿರಬೇಕು ಅಂದ್ಕೊಂಡಿದ್ದರಂತೆ. ‘ನಿಮ್ಮ ಅಪ್ಪಯ್ಯ ಇಟ್ಕಂಡಿದ್ರಾ?’ ಅಂತ ಎರಡು ಸಲ ಕೇಳಿದ್ರು. ಫೋನ್ ಸ್ಪೀಕರಿನಲ್ಲಿತ್ತು. ಅಪ್ಪಯ್ಯ ಎದ್ದು ಅಂಗಳಕ್ಕೆ ಹೋದರು.

ಫೋನಲ್ಲಿ ಒಪ್ಪಿಗೆ ಸಾಕಾಗಲ್ಲ. ನಾವು ಮಾಡಿಸಿದ ಕಾಗದಗಳು ಇಷ್ಟು. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಅತ್ತೆ ಮತ್ತು ಮಕ್ಕಳೆಲ್ಲರ ಸಹಿ ಇರುವ ಒಪ್ಪಿಗೆ ಅಫಿಡವಿಟ್ಟು, ಅಪ್ಪಯ್ಯನಿಂದ ‘ದೋಣಿ ಇಂಥ ವರ್ಷದಿಂದ ನನ್ನ ಜಾಗದಲ್ಲಿದೆ, ನನಗೆ ಇದರ ಮೇಲೆ ಯಾವ ಹಕ್ಕೂ ಇಲ್ಲ’ ಅಂತ ಒಂದು ಪತ್ರ. ಮೂಲ ನೋಂದಣಿ ಪತ್ರ ಅತ್ತೆಯ ಟ್ರಂಕಿನಲ್ಲಿ, ಸೀಮೆಎಣ್ಣೆ ಪರ್ಮಿಟ್ಟಿನ ಜೊತೆ ಪ್ಲಾಸ್ಟಿಕ್ ಕವರಲ್ಲಿ ಭದ್ರವಾಗಿತ್ತು. ನಮ್ಮ ಅದೃಷ್ಟ. ಕಳೆದುಹೋಗಿದ್ದರೆ ಪೊಲೀಸ್ ದೂರಿನಿಂದ ಶುರು ಮಾಡಬೇಕಿತ್ತು.

ನನಗೆ ತಲೆಗೇ ಹೊಳೆಯದೆ ಇದ್ದದ್ದು ಸಾಲದ ವಿಷಯ. ದೋಣಿ ಯಾವುದಾದರೂ ಬ್ಯಾಂಕಿಗೋ ಸಹಕಾರಿ ಸಂಘಕ್ಕೋ ಅಡವಿದ್ದರೆ ವಾರಸುದಾರರು ಒಪ್ಪಿದರೂ ಕಡಿಯೋ ಹಾಗಿಲ್ಲ. ನೋಂದಣಿ ಪತ್ರದ ಹಿಂಬದಿಯಲ್ಲಿ ಒಂದು ಸೀಲು ಇತ್ತು. ಹೋಗಿ ವಿಚಾರಿಸಿದಾಗ ಸಾಲ ತೀರಿ ಎಷ್ಟೋ ವರ್ಷವಾಗಿತ್ತು, ಆದರೆ ತೀರಿತು ಅಂತ ಯಾರೂ ಬರೆಸಿರಲಿಲ್ಲ. ಬಾಕಿ ಇಲ್ಲ ಅಂತ ಒಂದು ಚೀಟಿ ಕೊಡೋಕೆ ಅಲ್ಲಿ ಮೂರು ಸಲ ಓಡಾಡಿಸಿದರು. ಮೂರನೇ ಸಲ ಅಪ್ಪಯ್ಯನನ್ನೇ ಕರ್ಕೊಂಡು ಹೋದೆ. ಅವರು ಬೆಂಚಿನ ಮೇಲೆ ಕೂತು, ‘ಆಪಲ್ಲಿವರೆಗೂ ಕೂಕಂತೆ’ ಅಂದರು. ಅರ್ಧ ಗಂಟೆಯಲ್ಲಿ ಆಯಿತು.

ಆಮೇಲೆ ಮೀನುಗಾರಿಕೆ ಇಲಾಖೆಗೆ ಅರ್ಜಿ. ಇಲ್ಲಿ ಎರಡು ಬೇರೆ ಬೇರೆ ವಿಷಯ ಇವೆ, ಗಮನಿಸಿ. ದೋಣಿಯ ನೋಂದಣಿ ಒಂದು, 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿ ಸಿಗುವ ಲೈಸೆನ್ಸು ಇನ್ನೊಂದು. ಎರಡನ್ನೂ ರದ್ದು ಮಾಡಿ ಅಂತ ಬರೆಯಬೇಕು, ರಿಯಾಯಿತಿ ಸೀಮೆಎಣ್ಣೆಯ ಪರ್ಮಿಟ್ಟು ವಾಪಸ್ ಕೊಡಬೇಕು. ಕಾಗದದ ದೋಣಿಗೆ ಬೆಲೆ ಇರೋದೇ ಈ ಪರ್ಮಿಟ್ಟಿನಿಂದ. ನಾನು ಊರಲ್ಲಿದ್ದಾಗಲೇ ಒಬ್ಬರು ಬಂದು, ದೋಣಿ ಏನು ಬೇಕಾದ್ರೂ ಮಾಡಿ, ಆ ನಂಬರು ಮತ್ತು ಕಾಗದ ನಮಗೆ ಕೊಡಿ, ಒಳ್ಳೇ ರೇಟು ಕೊಡ್ತೀವಿ ಅಂದ್ರು. ಒಂದು ದೋಣಿಯ ನಂಬರು ಇನ್ನೊಂದು ದೋಣಿಯ ಮೇಲೆ ಓಡಾಡಿ ನಾಳೆ ಏನಾದರೂ ಆದರೆ ಪೊಲೀಸರು ಬಂದು ನಿಲ್ಲೋದು ಮುಂಬೈಯಲ್ಲಿ ಅತ್ತೆಯ ಬಾಗಿಲಲ್ಲಿ. ಆಗಲ್ಲ ಅಂದೆ.

ಇಲಾಖೆಯವರು ಬಂದು ಅಳತೆ, ನಂಬರು, ಫೋಟೊ ತೆಗೆದುಕೊಂಡು ಹೋದರು. ರದ್ದತಿಯ ಪತ್ರ ಕೈಗೆ ಬರುವ ತನಕ ಗ್ರೈಂಡರ್ ಮುಟ್ಟಲಿಲ್ಲ. ಮೊದಲೇ ಕಡಿದಿದ್ದರೆ ಯಾವ ದೋಣಿಯನ್ನು ತೋರಿಸೋದು? ಅಷ್ಟರವರೆಗೆ ದೋಣಿಯ ನೀರು ಚೆಲ್ಲಿ, ಬೋರಲು ಹಾಕಿ ಇಟ್ಟಿದ್ದೆವು. ಸೊಳ್ಳೆ ಸಮಸ್ಯೆ ಅದರಲ್ಲೇ ಮುಗಿದಿತ್ತು. ಕಾಗದವೆಲ್ಲ ಮುಗಿಯೋಕೆ ನಾಲ್ಕು ತಿಂಗಳು ಬೇಕಾಯ್ತು.

ಮರದ ದೋಣಿಯಾಗಿದ್ದರೆ ಇಲ್ಲಿಗೆ ಕಥೆ ಮುಗೀತಿತ್ತು. ಹಲಸು, ಹೆಬ್ಬಲಸಿನ ಹಲಗೆಗೆ ಯಾವತ್ತೂ ಗಿರಾಕಿ ಇರುತ್ತೆ, ಉಳಿದದ್ದು ಬಚ್ಚಲ ಒಲೆಗೆ. ಫೈಬರ್ ಹಾಗಲ್ಲ. ಗಾಜಿನ ನೂಲಿಗೆ ರೆಸಿನ್ ಹಾಕಿ ಗಟ್ಟಿ ಮಾಡಿದ್ದು ಅದು. ಕಬ್ಬಿಣದಂತೆ ಕರಗಿಸಿ ಮತ್ತೆ ಎರಕ ಹೊಯ್ಯೋಕಾಗಲ್ಲ, ಮರದಂತೆ ಗೆದ್ದಲು ತಿನ್ನಲ್ಲ. ಸುಟ್ಟರೆ ಕಪ್ಪು ವಿಷದ ಹೊಗೆ, ಮತ್ತು ತ್ಯಾಜ್ಯವನ್ನು ಹಾಗೆ ಬಯಲಲ್ಲಿ ಸುಡುವುದು ಕಾನೂನುಬಾಹಿರ. ಹೊಳೆಗೆ ಎಸೆದರೆ 1974ರ ಜಲ ಮಾಲಿನ್ಯ ಕಾಯ್ದೆ ಇದೆ. ಗ್ರೈಂಡರಿನಲ್ಲಿ ಕೊಯ್ದರೆ ಗಾಜಿನ ಪುಡಿ ಹಾರಿ ಚರ್ಮಕ್ಕೆ, ಶ್ವಾಸಕೋಶಕ್ಕೆ ಹೋಗುತ್ತೆ. ಕೆಲಸದವರು ಮುಖಕ್ಕೆ ಬೈರಾಸು ಸುತ್ತಿಕೊಂಡು ಶುರು ಮಾಡೋಕೆ ಹೊರಟಿದ್ದರು. ನಿಲ್ಲಿಸಿ, ಕುಂದಾಪುರದಿಂದ ಸರಿಯಾದ ಮಾಸ್ಕು, ಕನ್ನಡಕ, ಉದ್ದ ತೋಳಿನ ಅಂಗಿ ತಂದೆ. ನೆಲಕ್ಕೆ ಟಾರ್ಪಾಲು ಹಾಸಿ, ಪೈಪಲ್ಲಿ ನೀರು ಬಿಡುತ್ತಾ ಕೊಯ್ದರು. ಎರಡು ದಿನ, 11 ಸಾವಿರ ರೂಪಾಯಿ. ಅತ್ತೆಯ ಮಗ ಮಸ್ಕತ್‌ನಿಂದ ಕೇಳದೆಯೇ ಜಿಪೇ ಮಾಡಿಸಿದ.

ಕೊಯ್ಯುವ ದಿನಕ್ಕೆ ಅತ್ತೆ ಬಂದಿದ್ದರು. ಬರ್ತಾರೆ ಅಂತ ನಾನು ಅಂದ್ಕೊಂಡಿರಲಿಲ್ಲ. ದೋಣಿಯ ಮೂತಿಗೆ ಅರಸಿನ ಕುಂಕುಮ ಇಟ್ಟು, ತೆಂಗಿನಕಾಯಿ ಒಡೆದು, ‘ಇನ್ನ್ ಶುರು ಮಾಡಿ’ ಅಂದು ಹಿಂದೆ ಸರಿದರು. ಗ್ರೈಂಡರಿನ ಸದ್ದು ಶುರುವಾದ ಮೇಲೆ ಅಡುಗೆಮನೆಗೆ ಹೋಗಿ ಅಮ್ಮನ ಜೊತೆ ಕೂತರು. ನಂಬರ್ ಇದ್ದ ತುಂಡನ್ನು ಅಳಿಯ ಕೇಳಿದರು. ಅತ್ತೆಯೂ ಕೊಡೋಕೆ ತಯಾರಿದ್ದರು. ನಾನು ಮಾತ್ರ ಅಂಕಿಗಳ ಮೇಲೆ ಅಡ್ಡಡ್ಡ ಕೊಯ್ಯಿಸಿ ಕೊಟ್ಟೆ. ಅವರಿಗೆ ಅದು ಬೇಜಾರಾಯ್ತು ಅಂತ ಗೊತ್ತು. ಅವರಿಗೆ ಬೇಕಿದ್ದದ್ದು ಅದರ ಕೆಳಗೆ ಮಾವ ಕೈಯಾರೆ ಬರೆದಿದ್ದ ದೋಣಿಯ ಹೆಸರು. ಅದಕ್ಕೆ ಏನೂ ಆಗಿಲ್ಲ.

ಗುಜರಿಯವರು ಬೋಲ್ಟು, ಕಬ್ಬಿಣದ ಪಟ್ಟಿ ಮಾತ್ರ ತಗೊಂಡರು. ಫೈಬರ್ ಬೇಡ ಅಂದ್ರು. ಎರಡು ದೊಡ್ಡ ತುಂಡುಗಳನ್ನು ಪಕ್ಕದ ಮನೆಯವರು ಕೋಳಿಗೂಡಿಗೆ ಮಾಡು ಮಾಡ್ಕೊಂಡಿದ್ದಾರೆ. ಉಳಿದದ್ದು ಚೀಲ ಕಟ್ಟಿ ಕೊಟ್ಟಿಗೆಯಲ್ಲಿ ಇಟ್ಟಿದ್ದೇವೆ, ಒಟ್ಟು ಇಪ್ಪತ್ತಾರು ಚೀಲ. ಪಂಚಾಯ್ತಿಯ ಕಸದ ಗಾಡಿಯವರು ನೋಡಿ ತಲೆ ಅಲ್ಲಾಡಿಸಿ ಹೋದರು. ಇಂಥದ್ದನ್ನು ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಸುರಕ್ಷಿತವಾಗಿ ಉರಿಸಬಹುದು, ಆದರೆ ಅವರಿಗೆ ಲೋಡುಗಟ್ಟಲೆ ಬೇಕು, ಒಂದು ದೋಣಿಗೆ ಯಾರೂ ಲಾರಿ ಕಳಿಸಲ್ಲ. ಗಂಗೊಳ್ಳಿಯಿಂದ ಮಲ್ಪೆವರೆಗೆ ಹೊಳೆಬದಿಯಲ್ಲಿ ಹೀಗೆ ಬಿದ್ದಿರುವ ಫೈಬರ್ ದೋಣಿಗಳನ್ನು ಎಣಿಸುತ್ತಾ ಬಂದರೆ ಒಂದು ಲಾರಿ ಸುಲಭವಾಗಿ ತುಂಬುತ್ತೆ. ನಿಮ್ಮ ಹಿತ್ತಲಲ್ಲೂ ಇಂಥದ್ದೊಂದು ಇದ್ದರೆ, ಅಥವಾ ಈ ಚೂರು ತಗೊಳ್ಳುವವರು ಯಾರಾದರೂ ಗೊತ್ತಿದ್ದರೆ, ಓದುಗರ ಅಂಕಣಕ್ಕೆ ಒಂದು ಸಾಲು ಬರೆಯಿರಿ. ಚೀಲಗಳು ಇನ್ನೂ ಕೊಟ್ಟಿಗೆಯಲ್ಲೇ ಇವೆ.